ಹಿತ್ತಲಿನ ಒಲೆಯೂ ನೆರೆಯ ಮನೆಯೂ

ಗೃಹಸ್ಥನು ತನ್ನ ಮನೆಯ ಎಲ್ಲೆಯೊಳಗೆ ಮಾಡುವ ಕಾರ್ಯಗಳಲ್ಲಿ ಯಾವುದು ಕೇವಲ ಅವನದು, ಯಾವುದು ಪರರಿಗೂ ಸಂಬಂಧಿಸಿದುದು ಎಂಬ ಪ್ರಶ್ನೆಯು ಧರ್ಮವಿಚಾರದಷ್ಟೇ ಹಳೆಯದು. ಇದನ್ನು ರಾಜ್ಯ, ಸಮಾಜ, ಸ್ವಾತಂತ್ರ್ಯ ಮೊದಲಾದ ದೊಡ್ಡ ಮಾತುಗಳಿಂದ ಚರ್ಚಿಸುವುದು ವಾಡಿಕೆ. ದೊಡ್ಡ ಮಾತುಗಳಲ್ಲಿ ಒಂದು ಅನುಕೂಲವುಂಟು. ಅವು ಯಾರ ಕೈಯನ್ನೂ ಸುಡುವುದಿಲ್ಲ. ಒಲೆಯ ಮಾತು ಹಾಗಲ್ಲ. ಅಮೆರಿಕದ ಸಾಧಾರಣ ಸಂಸಾರವೊಂದು ತನ್ನ ಹಿತ್ತಲಿನ ಬಾರ್ಬೆಕ್ಯೂ ಒಲೆಯನ್ನು ಮನೆಗೆ ಬರುವ ನೈಸರ್ಗಿಕ ಅನಿಲದ ಕೊಳವೆಗೆ ಜೋಡಿಸಿಕೊಳ್ಳಲು ಹೊರಟಾಗ ಇದೇ ಪ್ರಶ್ನೆಯು ಬೇರೊಂದು ವೇಷದಲ್ಲಿ ಬಂದು ನಿಲ್ಲುತ್ತದೆ.

ಬಾರ್ಬೆಕ್ಯೂ ಎಂಬ ಶಬ್ದವು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಿಂದ ಸ್ಪ್ಯಾನಿಷ್ ಭಾಷೆಗೂ ಅಲ್ಲಿಂದ ಇಂಗ್ಲಿಷಿಗೂ ಬಂದುದು. ಬಯಲಿನಲ್ಲಿ ಕಂಬಿಗಳ ಮೇಲೆ ಆಹಾರವನ್ನಿಟ್ಟು ಕೆಳಗಿನ ಬೆಂಕಿಯಿಂದ ಬೇಯಿಸುವುದೇ ಅದರ ಸಾರ. ಬೇಸಗೆಯ ಸಂಜೆ ನೆಂಟರಿಷ್ಟರನ್ನು ಕರೆದು ಹಿತ್ತಲಿನಲ್ಲಿ ಉಣ್ಣುವುದು ಆ ದೇಶದವರಿಗೆ ಒಂದು ಸಣ್ಣ ಹಬ್ಬವೇ ಸರಿ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಈ ಒಲೆಯು ಸೇರಿಕೊಂಡಿದೆ. ಮಾಂಸವನ್ನು ಮುಟ್ಟದವರು ಅದರ ಮೇಲೆ ಮುಸುಕಿನ ಜೋಳವನ್ನೂ ಗೊಜ್ಜಿನ ಬದನೆಕಾಯಿಯನ್ನೂ ಸುಡುತ್ತಾರೆ. ಬದನೆಕಾಯಿಗೆ ಇದಕ್ಕಿಂತ ಒಳ್ಳೆಯ ಗತಿಯಿಲ್ಲ. ಮೊದಲು ಈ ಒಲೆಗೆ ಇದ್ದಿಲು ಇದ್ದಿತು. ಆಮೇಲೆ ಪ್ರೋಪೇನ್ ತುಂಬಿದ ಸಿಲಿಂಡರು ಬಂದಿತು. ಸಿಲಿಂಡರಿಗೆ ಅತಿಥಿಗಳು ಕುಳಿತಿರುವಾಗಲೇ ಬರಿದಾಗುವ ಚಾಳಿಯುಂಟು. ಆಗ ಗೃಹಸ್ಥನ ದೃಷ್ಟಿಯು ಗೋಡೆಯ ಪಕ್ಕದ ಅನಿಲದ ಮೀಟರಿನ ಕಡೆಗೆ ಹೊರಳುವುದು ಸಹಜವೇ.

ನೋಡುವುದಕ್ಕೆ ಕೆಲಸವು ಸಣ್ಣದು: ಒಂದು ಕವಲು, ಒಂದಿಷ್ಟು ಕೊಳವೆ, ಒಂದು ಕವಾಟ, ಬಾಗುವ ಒಂದು ನಳಿಕೆ. ಆದರೆ ಎರಡು ಅನಿಲಗಳ ಸ್ವಭಾವವು ಒಂದೇ ಅಲ್ಲ. ಒಂದೇ ಗಾತ್ರದ ಪ್ರೋಪೇನಿನಲ್ಲಿ ನೈಸರ್ಗಿಕ ಅನಿಲಕ್ಕಿಂತ ಸುಮಾರು ಎರಡೂವರೆ ಪಟ್ಟು ಶಾಖವಡಗಿದೆ. ಮನೆಯ ಕೊಳವೆಯಲ್ಲಿ ಒತ್ತಡವೂ ಕಡಮೆ. ಆದುದರಿಂದ ಸಿಲಿಂಡರಿಗೆಂದು ಮಾಡಿದ ಒಲೆಯನ್ನು ಹಾಗೆಯೇ ಕೊಳವೆಗೆ ಸೇರಿಸಿದರೆ ಜ್ವಾಲೆಯು ಸೊರಗುತ್ತದೆ. ಅನಿಲವು ಹೊರಬೀಳುವ ಸಣ್ಣ ರಂಧ್ರಗಳನ್ನು ತೆಗೆದು ದೊಡ್ಡವನ್ನು ಕೂಡಿಸಬೇಕು. ಹಾಗೆ ಬದಲಿಸಿದ ಒಲೆಗೆ ಮುಂದೆ ಯಾರಾದರೂ ತಿಳಿಯದೆ ಸಿಲಿಂಡರನ್ನು ಜೋಡಿಸಿದರೆ ಜ್ವಾಲೆಯು ಮೈಮೇಲೆ ಬರುತ್ತದೆ. ಕೊಳವೆಯ ಅಗಲಕ್ಕೂ ಲೆಕ್ಕವಿದೆ. ಉದ್ದನೆಯ ಕಿರುಗೊಳವೆಯಲ್ಲಿ ಒತ್ತಡವು ದಾರಿಯಲ್ಲಿಯೇ ಕುಗ್ಗಿ, ಹಿತ್ತಲಿನಲ್ಲಿ ಜೋಳವು ಸುಡುತ್ತಿರುವಾಗ ಒಳಗೆ ನೀರು ಕಾಯಿಸುವ ಯಂತ್ರವು ಅರೆಹೊಟ್ಟೆಯಲ್ಲಿ ಉರಿಯುವಂತಾದೀತು. ಇನ್ನು ಸೋರಿಕೆಯ ಮಾತು. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ. ಬಯಲಿನಲ್ಲಿ ಸೋರಿದರೆ ಮೇಲೇರಿ ಚದುರುತ್ತದೆ. ಗೋಡೆಯ ಸಂದಿನಲ್ಲಿಯೋ ನೆಲದಡಿಯ ಟೊಳ್ಳಿನಲ್ಲಿಯೋ ಸೋರಿದರೆ ಅಲ್ಲಿಯೇ ಕಾದು ಕುಳಿತಿರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15 ಭಾಗದಷ್ಟಾದಾಗ ಒಂದು ಕಿಡಿ ಸಾಕು.

ಇದನ್ನೆಲ್ಲ ಬಲ್ಲವನೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಕೈಯಲ್ಲಿ ಕಸಬು ಇದೆ, ಲೆಕ್ಕ ತಿಳಿದಿದೆ. ಅವನು ಹೀಗೆ ವಾದಿಸುತ್ತಾನೆ: “ಮನೆ ನನ್ನದು, ಹಣ ನನ್ನದು, ಸುಟ್ಟರೆ ಸುಡುವ ಕೈಯೂ ನನ್ನದು. ನಗರಸಭೆಯ ಪರವಾನಗಿಯೇಕೆ? ಪರೀಕ್ಷಕನೇಕೆ?” ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ತನ್ನ ಮನೆಯ ಕೆಲಸವನ್ನು ತಾನೇ ಮಾಡಬಲ್ಲವನು ಎಲ್ಲದಕ್ಕೂ ಕೂಲಿಯವನನ್ನು ಕರೆಯುವವನಿಗಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದಾನೆ. ಪರವಾನಗಿಯ ಹೆಸರಿನಲ್ಲಿ ಹಣ ಕೀಳುವ ಕಚೇರಿಗಳೂ ಲೋಕದಲ್ಲಿ ಇಲ್ಲದಿಲ್ಲ. ಆದರೂ ವಾದದಲ್ಲಿ ಒಂದು ಪದವು ಸಡಿಲವಾಗಿದೆ: ಬೆಂಕಿಯು ಅವನೊಬ್ಬನದೆಂಬುದು. ಹಿಂದೆ ಕನ್ನಡನಾಡಿನ ಹಳ್ಳಿಗಳಲ್ಲಿ ಒಲೆ ಆರಿದ ಮನೆಯವರು ನೆರೆಮನೆಯಿಂದ ಕೆಂಡವನ್ನು ತರುತ್ತಿದ್ದರು. ಆ ಬೆಂಕಿಯು ಒಬ್ಬರ ಕೈಯಲ್ಲಿ, ಹತ್ತು ಜನರ ಕಣ್ಣೆದುರಿನಲ್ಲಿ ಬೀದಿಯನ್ನು ದಾಟುತ್ತಿತ್ತು. ಕೊಳವೆಯ ಬೆಂಕಿಯು ಯಾರಿಗೂ ಕಾಣದೆ ಬೀದಿಯ ಕೆಳಗೆ ಬರುತ್ತದೆ. ಒಂದೇ ಹಿರಿಗೊಳವೆಯು ಎಲ್ಲ ಮನೆಗಳಿಗೂ ಕವಲೊಡೆದಿರುತ್ತದೆ.

1937ರ ಮಾರ್ಚ್ 18ರಂದು ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ನಡೆದ ಘಟನೆಯು ಇಲ್ಲಿ ಸ್ಮರಣೀಯವಾದುದು. ಎಣ್ಣೆಬಾವಿಗಳ ಐಶ್ವರ್ಯದಿಂದ ಕಟ್ಟಿದ ದೊಡ್ಡ ಶಾಲೆಯದು. ಸುತ್ತಲಿನ ಎಣ್ಣೆಯ ಕಾರ್ಖಾನೆಗಳಲ್ಲಿ ಉಳಿಕೆಯ ಅನಿಲವನ್ನು ಸುಮ್ಮನೆ ಉರಿಸಿಬಿಡುತ್ತಿದ್ದರು. ಹೇಗೂ ಸುಟ್ಟುಹೋಗುವ ವಸ್ತುವೆಂದು ಆ ಪ್ರದೇಶದ ಅನೇಕರು ಅಂತಹ ಕೊಳವೆಗಳಿಗೆ ತಾವೇ ಕವಲು ಹಾಕಿಕೊಂಡಿದ್ದರು. ಬಲ್ಲವರೂ ನೋಡಿಯೂ ನೋಡದಂತಿದ್ದರು. ಶಾಲೆಯ ಆಡಳಿತದವರೂ ಖರ್ಚನ್ನು ಉಳಿಸಲೆಂದು ಆ ವರ್ಷದ ಆರಂಭದಲ್ಲಿ ಹಣ ಕೊಟ್ಟು ತರಿಸುತ್ತಿದ್ದ ಅನಿಲವನ್ನು ಬಿಟ್ಟು, ಹಾಗೆಯೇ ಮಾಡಿಸಿದರು. ಎಲ್ಲಿಯೋ ಒಂದು ಸಂದು ಸೋರಿತು. ಆ ಅನಿಲಕ್ಕೆ ವಾಸನೆಯಿರಲಿಲ್ಲ. ಕಟ್ಟಡದ ಕೆಳಗಿನ ಟೊಳ್ಳಿನಲ್ಲಿ ತುಂಬಿಕೊಂಡಿತು. ಶಾಲೆ ಬಿಡಲು ಇನ್ನು ಕೆಲವೇ ನಿಮಿಷಗಳಿರುವಾಗ ಮರಗೆಲಸದ ಕೊಠಡಿಯಲ್ಲಿ ವಿದ್ಯುತ್ತಿನ ಉಜ್ಜುಯಂತ್ರವೊಂದನ್ನು ಚಾಲೂ ಮಾಡಿದರು. ಅದರ ಕಿಡಿಯಿಂದ ಕಟ್ಟಡವೆಲ್ಲ ಮೇಲಕ್ಕೆದ್ದು ಕೆಳಗೆ ಬಿದ್ದಿತು. ಸತ್ತವರು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು. ಶಾಲೆಯ ಮುಖ್ಯಾಧಿಕಾರಿಯ ಮಗನೂ ಅವರಲ್ಲಿದ್ದನು. ವಿಚಾರಣೆಯಲ್ಲಿ ಯಾವನೊಬ್ಬನನ್ನೂ ಅಪರಾಧಿಯೆಂದು ಬೆರಳಿಟ್ಟು ತೋರಿಸಲಾಗಲಿಲ್ಲ. ದುಷ್ಟನೊಬ್ಬನು ಸಿಕ್ಕಿದ್ದರೆ ಮನಸ್ಸಿಗೆ ಒಂದು ಬಗೆಯ ಸಮಾಧಾನವಾದರೂ ಇರುತ್ತಿತ್ತು. ಅಲ್ಲಿದ್ದವರೆಲ್ಲರೂ ನೆರೆಹೊರೆಯವರು ಮಾಡುತ್ತಿದ್ದುದನ್ನೇ ಮಾಡಿದ ಸಂಭಾವಿತರು.

ಆಮೇಲೆ ಟೆಕ್ಸಾಸಿನವರು ಅನಿಲಕ್ಕೆ ವಾಸನೆಯನ್ನು ಬೆರಸಲೇಬೇಕೆಂದು ಕಾನೂನು ಮಾಡಿದರು. ಇತರರೂ ಅದನ್ನು ಅನುಸರಿಸಿದರು. ಕೊಳೆತ ಮೊಟ್ಟೆಯಂತೆ ನಾರುವ ಗಂಧಕದ ಸಂಯುಕ್ತಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಸಿಡಿಯಲು ಬೇಕಾದ ಕನಿಷ್ಠ ಪ್ರಮಾಣದ ಐದನೆಯ ಒಂದು ಪಾಲು ಅನಿಲವು ಗಾಳಿಯಲ್ಲಿದ್ದರೂ ಸಾಮಾನ್ಯ ಮನುಷ್ಯನ ಮೂಗಿಗೆ ತಿಳಿಯಬೇಕೆಂಬುದು ಅಮೆರಿಕದ ಈಗಿನ ನಿಯಮ. ನಿಯಮವು ಹೇಳುವುದು ಸಾಮಾನ್ಯ ಮನುಷ್ಯನ ಮೂಗನ್ನು, ಕಸಬುದಾರನ ಮೂಗನ್ನಲ್ಲ. ಕೊಳವೆಯ ವಿಷಯವನ್ನು ಏನೂ ಅರಿಯದ ಅಜ್ಜಿಗೂ ಮಗುವಿಗೂ ಎಚ್ಚರಿಕೆಯು ಮುಟ್ಟಲಿ ಎಂಬ ದೃಷ್ಟಿ ಅದರಲ್ಲಿದೆ.

ಇದಕ್ಕೆ ಪ್ರತಿಯಾಗಿ ನಮ್ಮ ಗೃಹಸ್ಥನು ಇನ್ನೊಂದು ಘಟನೆಯನ್ನು ತೋರಿಸಬಹುದು. 2018ರ ಸೆಪ್ಟೆಂಬರ್ 13ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಲಾರೆನ್ಸ್, ಆಂಡೋವರ್, ನಾರ್ತ್ ಆಂಡೋವರ್ ಎಂಬ ಊರುಗಳಲ್ಲಿ ನೂರಕ್ಕೆ ಮೀರಿದ ಕಟ್ಟಡಗಳು ಬೆಂಕಿಗೂ ಸ್ಫೋಟಕ್ಕೂ ಸಿಕ್ಕಿದವು. ಒಬ್ಬ ತರುಣನು ಸತ್ತನು. ಮನೆಯವರಾರೂ ತಪ್ಪುಮಾಡಿರಲಿಲ್ಲ. ಹಳೆಯ ಬೀಡುಕಬ್ಬಿಣದ ಹಿರಿಗೊಳವೆಯನ್ನು ಬಿಟ್ಟು ಹೊಸದನ್ನು ಹೂಡುತ್ತಿದ್ದ ತಜ್ಞರು, ಒತ್ತಡವನ್ನು ಅಳೆಯುವ ನಳಿಕೆಗಳು ಹಳೆಯ ಕೊಳವೆಯಲ್ಲಿಯೇ ಉಳಿದಿರುವುದನ್ನು ಮರೆತರು. ಹಳೆಯದರಲ್ಲಿ ಒತ್ತಡವು ಇಳಿಯಿತು. ಅದನ್ನು ಕಂಡು ಯಂತ್ರಗಳು ಹೊಸದಕ್ಕೆ ಅನಿಲವನ್ನು ತುಂಬುತ್ತಲೇ ಹೋದವು. ಒತ್ತಡವು ವಾಡಿಕೆಯ ಹನ್ನೆರಡು ಪಟ್ಟಿನವರೆಗೆ ಏರಿತು. ಪರವಾನಗಿಯುಳ್ಳವರ ಪ್ರಾವೀಣ್ಯವು ಇಷ್ಟೇ ಎಂದಾದರೆ ಮನೆಯವನನ್ನು ತಡೆಯುವುದೇಕೆ?

ಪ್ರಶ್ನೆಯು ನ್ಯಾಯವಾದುದೇ. ಆದರೆ ಆ ದುರಂತವನ್ನು ಶೋಧಿಸಿದವರು ಕಂಡುದೇನು? ಅಳೆಯುವ ನಳಿಕೆಗಳ ವಿಷಯವನ್ನು ಬಲ್ಲ ಒಂದು ವಿಭಾಗವು ಆ ಸಂಸ್ಥೆಯಲ್ಲಿಯೇ ಇದ್ದಿತು. ಕೆಲಸದ ನಕ್ಷೆಯನ್ನು ಪರಿಶೀಲಿಸುವಾಗ ಅವರನ್ನು ಸೇರಿಸಿಕೊಂಡಿರಲಿಲ್ಲ. ಅನುಭವಿ ಇಂಜಿನಿಯರನೊಬ್ಬನು ನೋಡಿ ಮುದ್ರೆಯೊತ್ತಬೇಕೆಂಬ ಕಟ್ಟಳೆಯಿಂದ ಇಂತಹ ಅನಿಲದ ಕೆಲಸಗಳಿಗೆ ಆಗ ಅಲ್ಲಿ ವಿನಾಯಿತಿಯಿದ್ದಿತು. ಆ ವರ್ಷದ ಕೊನೆಗೆ ಅದನ್ನು ತೆಗೆದುಹಾಕಿದರು. ತಜ್ಞನು ಎಡವಿದುದೂ ಗೃಹಸ್ಥನು ಎಡವಬಹುದಾದ ಸ್ಥಳದಲ್ಲಿಯೇ. ಪರೀಕ್ಷಕನು ಮಾಡಿದವನಿಗಿಂತ ಜಾಣನಾಗಿರಬೇಕೆಂದಿಲ್ಲ. ಆ ಕೆಲಸದಲ್ಲಿ ಅವನಿಗೆ ಮಮತೆಯಿಲ್ಲದಿದ್ದರೆ ಸಾಕು. ಕೊಳವೆಯ ಸಂದಿಗೆ ಸಾಬೂನಿನ ನೀರನ್ನು ಹಚ್ಚಿ ಗುಳ್ಳೆಯೇಳುವುದೋ ಎಂದು ನೋಡುವುದು ಸುಲಭವಾದ ಪರೀಕ್ಷೆ. ಮಾಡಿದವನು ಗುಳ್ಳೆಯೇಳದಿರಲಿ ಎಂದು ಹಾರೈಸುತ್ತ ನೋಡುತ್ತಾನೆ, ಅತಿಥಿಗಳು ಬರುವ ಹೊತ್ತಾಗಿದ್ದರೆ ಬೇಗನೆ ನೋಡುತ್ತಾನೆ. ಪರೀಕ್ಷಕನು ಎದ್ದೀತೇನೋ ಎಂದು ನೋಡುತ್ತಾನೆ. ಅಮೆರಿಕದ ಕೆಲವು ಊರುಗಳಲ್ಲಿ ಮನೆಯವನೇ ಕೆಲಸ ಮಾಡಬಹುದು, ಪರೀಕ್ಷೆಗೆ ಮಾತ್ರ ತೋರಿಸಬೇಕು ಎಂಬ ಏರ್ಪಾಡಿದೆ. ಕೈಯ ಸ್ವಾತಂತ್ರ್ಯವನ್ನು ಕೊಟ್ಟು ಕಣ್ಣನ್ನು ಬೇರೆಯವರಿಂದ ಬೇಡುವ ಈ ಪದ್ಧತಿಯು ವಿವೇಕದ್ದೆಂದು ತೋರುತ್ತದೆ.

ಮಹಾರಾಷ್ಟ್ರದ ದಾಭೋಲಿನಿಂದ ಬೆಂಗಳೂರಿಗೆ ಅನಿಲದ ಹಿರಿಗೊಳವೆಯು 2013ರಲ್ಲಿ ಬಂದ ಮೇಲೆ ಆ ನಗರದ ಎಷ್ಟೋ ಅಡಿಗೆಮನೆಗಳಲ್ಲಿಯೂ ಮೀಟರು ಕುಳಿತಿದೆ. ಅಲ್ಲಿ ಹಲವರಿಗೆ ಹಿತ್ತಲಿಲ್ಲ, ಮಹಡಿಯ ಮೊಗಸಾಲೆಯಿದೆ. ಒಬ್ಬನ ನೆಲವು ಇನ್ನೊಬ್ಬನ ತಲೆಯ ಮೇಲಿನ ಸೂರಾಗಿದೆ. ನೆರೆಯವನು ಯಾರೆಂದು ಅಲ್ಲಿ ಹುಡುಕಬೇಕಾಗಿಲ್ಲ.

ಅಮೆರಿಕದ ಹಿತ್ತಲಿನಲ್ಲಿಯಾದರೋ ಅವನು ಇನ್ನೂ ಬಾರದವನಾಗಿರಬಹುದು. ಆ ದೇಶದಲ್ಲಿ ಸಂಸಾರಗಳು ಮನೆಯನ್ನು ಮಾರಿ ಊರನ್ನು ಬದಲಿಸುವುದು ಸಾಮಾನ್ಯ. ಒಲೆಯನ್ನು ಹೊತ್ತೊಯ್ದರೂ ಮಣ್ಣಿನಡಿಯ ಕೊಳವೆಯು ಉಳಿಯುತ್ತದೆ. ನೆಲವನ್ನು ಅಗೆಯುವ ಮೊದಲು ಅಲ್ಲಿನವರು 811 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಸ್ಥೆಗಳವರು ಬಂದು ತಮ್ಮ ಕೊಳವೆಗಳ ದಾರಿಯನ್ನು ಬಣ್ಣದಿಂದ ಗುರುತಿಸುತ್ತಾರೆ. ಆದರೆ ಆ ಗುರುತು ಸಾಧಾರಣವಾಗಿ ಮೀಟರಿನವರೆಗೆ ಮಾತ್ರ. ಅಲ್ಲಿಂದ ಮುಂದಿನದು ಮನೆಯವನ ಸ್ವಂತದ್ದು. ಪರವಾನಗಿ ಪಡೆದು ಮಾಡಿದ ಕೆಲಸವಾಗಿದ್ದರೆ ನಗರಸಭೆಯ ಕಡತದಲ್ಲಿ ಒಂದು ಹಾಳೆಯಾದರೂ ಇರಬಹುದು. ಗುಟ್ಟಾಗಿ ಹೂಡಿದ ಕೊಳವೆಯ ದಾರಿಯನ್ನು ಬಲ್ಲವನು ಊರು ಬಿಟ್ಟಿದ್ದಾನೆ. ಹೊಸ ಮನೆಯವನು ಗುಲಾಬಿಯ ಗಿಡವನ್ನು ನೆಡಬೇಕೆಂದು ಗುದ್ದಲಿಯನ್ನು ಹಿಡಿದು ಹಿತ್ತಲಿಗೆ ಬಂದಿದ್ದಾನೆ.