ಸೋಲು ಪಾಪದ ಫಲವೇ?

ಧರ್ಮಕ್ಕೆ ಜಯವುಂಟೆಂಬುದು ಹಿರಿಯರ ನಂಬಿಕೆ. ಅದನ್ನು ತಿರುಗಿಸಿ, ಜಯಿಸಿದ್ದೆಲ್ಲವೂ ಧರ್ಮವೆಂದೂ ಸೋತವರೆಲ್ಲರೂ ಪಾಪಿಗಳೆಂದೂ ಹೇಳುವುದು ಮನುಷ್ಯನ ಚಾಪಲ್ಯ. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಬ್ರಿಟನ್ ದ್ವೀಪದ ಪುರಾತನ ಚರಿತ್ರೆಯ ದೃಷ್ಟಾಂತದಿಂದ ವಿಚಾರಿಸೋಣ.

ಕ್ರಿ.ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೇನೆಯು ಆ ದ್ವೀಪವನ್ನು ಹೊಕ್ಕು ಅಲ್ಲಿ ರೋಮಿನ ಪ್ರಭುತ್ವವನ್ನು ನೆಲೆಗೊಳಿಸಿತು. ಸುಮಾರು 410ರ ಹೊತ್ತಿಗೆ ಆ ಪ್ರಭುತ್ವವು ಕಳಚಿಬಿದ್ದಿತು. ಪಿಕ್ಟರೂ ಸ್ಕಾಟರೂ ದಾಳಿಯಿಡಲು, ಬ್ರಿಟನರು ತಮ್ಮ ರಕ್ಷಣೆಗಾಗಿ ಕಡಲಾಚೆಯ ಸ್ಯಾಕ್ಸನರನ್ನು ಕರೆಸಿಕೊಂಡರೆಂದೂ, ಕಾವಲಿಗೆ ಬಂದವರೇ ತಮಗೆ ಕೊಡುವ ದವಸಧಾನ್ಯ ಸಾಲದೆಂಬ ನೆವ ತೆಗೆದು ದೇಶವನ್ನು ಸುಲಿದರೆಂದೂ ಗಿಲ್ಡಾಸನೆಂಬ ಕ್ರೈಸ್ತ ಸಂನ್ಯಾಸಿಯು ಬರೆದಿಟ್ಟಿದ್ದಾನೆ. ಆತನು ಬ್ರಿಟನರವನೇ. ಈ ವಿಪತ್ತು ತನ್ನ ಜನದ ಪಾಪಕ್ಕೆ ದೇವರು ವಿಧಿಸಿದ ದಂಡವೆಂಬುದೇ ಆತನ ಸಿದ್ಧಾಂತ.

ಸುಮಾರು 731ರಲ್ಲಿ ಆಂಗ್ಲಕುಲದ ಬೀಡನು ತನ್ನ ಧರ್ಮಸಭೆಯ ಚರಿತ್ರೆಯನ್ನು ಮುಗಿಸಿದನು. ಅವನು ಮಹಾವಿದ್ವಾಂಸ, ಸಾಧುಪುರುಷ. ಆದರೂ ಗಿಲ್ಡಾಸನ ಮಾತನ್ನು ಹಾಗೆಯೇ ಎತ್ತಿಕೊಂಡನು. ಸೋತವನ ಬಾಯಲ್ಲಿ ಪಶ್ಚಾತ್ತಾಪವಾಗಿದ್ದ ಮಾತು ಗೆದ್ದವರ ವಂಶಸ್ಥನ ಬಾಯಲ್ಲಿ ಹಕ್ಕುಪತ್ರವಾಯಿತು. ಆಂಗ್ಲರು ಬ್ರಿಟನರಿಗೆ ಇಟ್ಟ ಹೆಸರನ್ನು ನೋಡಿದರೂ ಈ ವಿಪರ್ಯಾಸವು ಕಾಣುವುದು. ಇಂದಿನ ವೆಲ್ಷ್ ಎಂಬ ಶಬ್ದದ ಮೂಲಾರ್ಥವು ಪರಕೀಯ. ಮೊದಲಿನಿಂದ ಇದ್ದವರೇ ತಮ್ಮ ನೆಲದಲ್ಲಿ ಪರಕೀಯರೆನಿಸಿದರು.

ಆದರೆ ಚಕ್ರವು ತಿರುಗದೆ ಇರಲಿಲ್ಲ. 793ರಲ್ಲಿ ಉತ್ತರದ ಕಡಲ್ಗಳ್ಳರು ಲಿಂಡಿಸ್ಫಾರ್ನ್ ಮಠವನ್ನು ಸೂರೆಮಾಡಿದಾಗ, ಆಂಗ್ಲ ಪಂಡಿತನಾದ ಆಲ್ಕ್ವಿನನು ತನ್ನವರ ದುರಾಚಾರವೇ ಇದಕ್ಕೆ ಕಾರಣವೆಂದು ಶಂಕಿಸಿದನು. ಡೇನರ ಹಾವಳಿಯಲ್ಲಿ ದೇಶವು ತತ್ತರಿಸುತ್ತಿದ್ದ 1014ರ ಸುಮಾರಿನಲ್ಲಿ ಪ್ರಧಾನ ಧರ್ಮಾಧ್ಯಕ್ಷನಾದ ವುಲ್ಫ್‌ಸ್ಟನ್ನನು ಗಿಲ್ಡಾಸನ ಹೆಸರನ್ನೇ ಎತ್ತಿ, ಬ್ರಿಟನರ ಗತಿ ನಮಗೂ ಬಂದೀತೆಂದು ಆಂಗ್ಲರನ್ನು ಎಚ್ಚರಿಸಿದನು. 1066ರಲ್ಲಿ ನಾರ್ಮನರು ಹೇಸ್ಟಿಂಗ್ಸ್ ಕದನವನ್ನು ಗೆದ್ದಾಗಲೂ ಆಂಗ್ಲರ ವೃತ್ತಾಂತಕಾರನು ಜನರ ಪಾಪದಿಂದಲೇ ಹೀಗಾಯಿತೆಂದು ಬರೆದನು. ಐದುನೂರು ವರ್ಷಗಳಲ್ಲಿ ಸೋತವರು ಬದಲಾದರೂ ಮಾತು ಬದಲಾಗಲಿಲ್ಲ.

ಸೋಲೇ ಪಾಪಕ್ಕೆ ಪ್ರಮಾಣವಾದರೆ, ಲಿಂಡಿಸ್ಫಾರ್ನಿನ ಮಠವಾಸಿಗಳು ಪಾಪಿಗಳು, ಅವರನ್ನು ಕೊಂದ ಕಡಲ್ಗಳ್ಳರು ಪುಣ್ಯವಂತರು ಎಂದಾಗುವುದು. ಇದನ್ನು ಒಪ್ಪುವವರು ಯಾರು? 1069–70ರ ಚಳಿಗಾಲದಲ್ಲಿ ವಿಲಿಯಂ ದೊರೆಯು ಉತ್ತರ ಸೀಮೆಯ ದಂಗೆಯನ್ನು ಅಡಗಿಸಲು ಪೈರು, ದವಸ, ದನಕರುಗಳನ್ನು ನಾಶಮಾಡಿಸಿದನು. ಹಸಿವಿನಿಂದ ಅಸಂಖ್ಯ ಜನ ಸತ್ತರು. ಮೊಲೆಯುಣ್ಣುವ ಕೂಸು ಯಾವ ಪಾಪವನ್ನು ಮಾಡಿತ್ತು? ಫ್ರೆಂಚ್ ತಂದೆಗೂ ಆಂಗ್ಲ ತಾಯಿಗೂ ಹುಟ್ಟಿ, ನಾರ್ಮಂಡಿಯ ಮಠದಲ್ಲಿ ಬೆಳೆದ ಆರ್ಡೆರಿಕನು ವಿಲಿಯಮನ ಅನೇಕ ಗುಣಗಳನ್ನು ಹೊಗಳಿದವನಾದರೂ ಈ ಕೃತ್ಯವನ್ನು ಮಾತ್ರ ಹೊಗಳಲಾರೆನೆಂದನು. ಇತರರು ಸೋತವರ ಪಾಪವನ್ನು ಹುಡುಕುತ್ತಿದ್ದರೆ, ಈತನು ಗೆದ್ದವನ ಪಾಪವನ್ನು ಕಂಡನು.

ನಮ್ಮ ಶಾಸ್ತ್ರಕಾರರು ಕೃತನಾಶ, ಅಕೃತಾಭ್ಯಾಗಮಗಳೆಂಬ ಎರಡು ದೋಷಗಳನ್ನು ಹೇಳುತ್ತಾರೆ. ಮಾಡಿದ್ದರ ಫಲವು ಮಾಡಿದವನಿಗೆ ತಪ್ಪುವುದು ಮೊದಲನೆಯದು. ಮಾಡದವನ ಮೇಲೆ ಫಲವು ಬೀಳುವುದು ಎರಡನೆಯದು. ರಾಜರ ತಪ್ಪಿಗೆ ಒಕ್ಕಲಿಗನ ಕೂಸು ದಂಡ ತೆರುವುದೆಂಬ ಸಿದ್ಧಾಂತದಲ್ಲಿ ಈ ಎರಡೂ ಕೂಡಿವೆ. ಪೂರ್ವಜನ್ಮವನ್ನು ನಂಬುವವರು ಆ ಕೂಸಿಗೂ ಹಿಂದಿನ ಕರ್ಮವುಂಟೆನ್ನಬಹುದು. ಇರಬಹುದು, ಆದರೆ ಅದನ್ನು ಎಣಿಸಿದವರು ಯಾರು? ಕಾಣದ ಲೆಕ್ಕವನ್ನು ಮುಂದಿಟ್ಟು ಕಣ್ಣಿಗೆ ಕಾಣುವ ಕೊಲೆಗಾರನನ್ನು ಬಿಡುವುದು ನ್ಯಾಯವಲ್ಲ.

ಹಾಗಾದರೆ ಗಿಲ್ಡಾಸನ ಮಾತು ವ್ಯರ್ಥವೇ? ಅಲ್ಲ. ರಾಜರ ಒಳಜಗಳವನ್ನೂ, ಕಾವಲಿಗೆ ಪರರನ್ನು ಕರೆದ ಅವಿವೇಕವನ್ನೂ ಆತನು ಎತ್ತಿ ತೋರಿಸಿದನು. ಅವು ಸೋಲಿಗೆ ಕಾರಣಗಳು. ಬಾಗಿಲಿಗೆ ಅಗುಳಿ ಹಾಕದೆ ಮಲಗಿದವನದು ಅಜಾಗರೂಕತೆ. ಆದರೆ ಪಾಪವು ಕಳ್ಳನದೇ. ಕಾರಣವನ್ನೂ ಅಪರಾಧವನ್ನೂ ಒಂದೆಂದು ತಿಳಿಯುವುದೇ ಇಲ್ಲಿಯ ಭ್ರಾಂತಿ. ಇದಲ್ಲದೆ, ತನ್ನ ದೋಷವನ್ನು ತಾನೇ ಎಣಿಸಿಕೊಳ್ಳುವುದು ಆತ್ಮಶೋಧನೆ. ನೊಂದವನ ದೋಷವನ್ನು ಬೇರೊಬ್ಬನು ಎಣಿಸುವುದು ಕ್ರೌರ್ಯ.

ಪುರಾತನ ಸಮಾಧಿಗಳ ಅಸ್ಥಿಗಳನ್ನು ಪರೀಕ್ಷಿಸಿ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಪೂರ್ವ ಇಂಗ್ಲೆಂಡಿಗೆ ಕಡಲಾಚೆಯಿಂದ ಬಂದವರು ಬಹು ಮಂದಿ. ಆದರೂ ಅವರು ಹಳಬರೊಡನೆ ಬೆರೆತರು. ಗೆದ್ದವನ ರಕ್ತವೂ ಸೋತವನ ರಕ್ತವೂ ಒಂದೇ ಮೈಯಲ್ಲಿ ಹರಿಯುವಾಗ, ಪುಣ್ಯಕುಲ ಯಾವುದು, ಪಾಪಕುಲ ಯಾವುದು?

ರಾಜ್ಯಗಳ ಮಾತು ದೊಡ್ಡದು. ಇದೇ ಭ್ರಾಂತಿಯು ನಮ್ಮ ನೆರೆಮನೆಗೂ ಬರುತ್ತದೆ. ಒಂದು ಮನೆಯಲ್ಲಿ ಮಗು ಸತ್ತರೆ, ಸಾಂತ್ವನಕ್ಕೆಂದು ಹೋದವರು ಕರ್ಮದ ಮಾತನ್ನಾಡಿ ಬರುತ್ತಾರೆ. ನಾನೂ ಆಡಿದ್ದೇನೆ. ಅದರಿಂದ ಆ ತಾಯಿಯ ಮನಸ್ಸಿಗೆ ಶಾಂತಿಯುಂಟಾಗಲಿಲ್ಲ. ನನ್ನ ಭಯಕ್ಕೆ ಮಾತ್ರ ಸಮಾಧಾನವಾಯಿತು. ಕರ್ಮದ ವಿಚಾರವನ್ನು ಪ್ರತಿಯೊಬ್ಬನೂ ತನ್ನ ನಡತೆಯನ್ನು ತಿದ್ದಿಕೊಳ್ಳುವುದಕ್ಕಾಗಿ ಇಟ್ಟುಕೊಳ್ಳಲಿ. ನೊಂದವರ ಮುಂದೆ ಅದನ್ನು ಎತ್ತತಕ್ಕದ್ದಲ್ಲ. ಅಲ್ಲಿ ನಮ್ಮಿಂದಾಗುವ ಸಹಾಯವನ್ನು ಮಾಡಿ ಸುಮ್ಮನಿರುವುದೇ ಧರ್ಮ.