ಹತ್ತಿ ಬಂದವರ ಮಾತು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಈ ಗಾದೆ ಕೆಲವು ಕಾಲದಿಂದ ನನ್ನ ಬೆನ್ನು ಹತ್ತಿದೆ. ಹತ್ತಿಸಿದ್ದು ಫುಟ್‌ಬಾಲ್. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸುವವರು ಮುಂದಿನ ಋತುವನ್ನೇ ತಡೆಹಿಡಿದರು. ರಾಷ್ಟ್ರೀಯ ಒಕ್ಕೂಟದೊಂದಿಗೆ ಅವರಿಗಿದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ಸಿಂಗಪುರ ತಂಡ ಮಡಗಾಂವ್‌ಗೆ ಬಂದು 2-1ರಿಂದ ಗೆದ್ದು, 2027ರ ಏಷ್ಯನ್ ಕಪ್‌ನಿಂದ ನಮ್ಮನ್ನು ಹೊರಗಿಟ್ಟಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋತೆವು. ಒಂದೊಂದು ಸುದ್ದಿಯ ಬೆನ್ನಿಗೂ ಹಳೆಯ ಅಭಿಮಾನಿಗಳ ಬಾಯಲ್ಲಿ ಬಂದದ್ದು ಒಂದೇ ಮಾತು: ಆ ಕಾಲದ ಆಟವೇ ಆಟ. ಬರಿಗಾಲಲ್ಲಿ ಆಡಿ ಯುರೋಪಿನವರನ್ನು ನಡುಗಿಸಿದವರು ನಾವು. ಈಗೆಲ್ಲ ದುಡ್ಡಿನ ಆಟ. ಅದಕ್ಕೆ ಕಿರಿಯರ ಉತ್ತರವೂ ಒಂದೇ. ಅವರು ಈ ಗಾದೆಯನ್ನು ಎಸೆದು ಹಿರಿಯರ ಬಾಯಿ ಮುಚ್ಚಿಸುತ್ತಾರೆ.

ಗಾದೆಯನ್ನು ಹೀಗೆ ಬಾಯಿ ಮುಚ್ಚಿಸಲು ಬಳಸುವುದನ್ನು ನಾನು ಒಪ್ಪಲಾರೆ.

ನಮ್ಮಲ್ಲಿ ಇದನ್ನು ಸಾಮಾನ್ಯವಾಗಿ ಎರಡು ರೀತಿ ಅರ್ಥ ಮಾಡುತ್ತಾರೆ. ಇದ್ದುದರಲ್ಲಿ ತೃಪ್ತಿಪಡು, ದೂರದ್ದಕ್ಕೆ ಆಸೆಪಡಬೇಡ ಎಂಬುದು ಒಂದು. ಮಗ ಪರದೇಶಕ್ಕೆ ಹೊರಟಾಗ, ಮಗಳು ಕೆಲಸ ಬದಲಿಸುತ್ತೇನೆ ಎಂದಾಗ ಮನೆಯ ಹಿರಿಯರು ಹೇಳುವುದು ಇದೇ ಅರ್ಥದಲ್ಲಿ. ಇದು ಹೊರಟವರ ಕಾಲಿಗೆ ಹಗ್ಗ ಕಟ್ಟುವ ಓದು. ಗಾದೆಯಲ್ಲಿ ಮನೆಯಲ್ಲಿರು ಎಂಬ ಅಪ್ಪಣೆ ಎಲ್ಲೂ ಇಲ್ಲ. ದೂರದ್ದೆಲ್ಲ ಬರೀ ಭ್ರಮೆ ಎಂಬುದು ಇನ್ನೊಂದು. ಹಾಗಿದ್ದರೆ ಗಾದೆ ಕಟ್ಟಿದವರು ಬೆಟ್ಟದ ಬದಲು ಬಿಸಿಲುಗುದುರೆಯನ್ನೇ ಹಿಡಿಯಬಹುದಿತ್ತು. ಅವರು ಹೇಳಿದ್ದು ಬೆಟ್ಟದ ಮಾತು. ಅದು ಅಲ್ಲೇ ಇದೆ, ಕದಲದೆ ನಿಂತಿದೆ.

ನನ್ನ ಓದು ಬೇರೆ. ಈ ಮಾತನ್ನು ಮೊದಲು ಆಡಿದವರು ಯಾರಿರಬಹುದು? ಊರ ಕಟ್ಟೆಯ ಮೇಲೆ ಕುಳಿತೇ ದಿನ ಕಳೆದವರಿಗೆ ಬೆಟ್ಟ ನುಣ್ಣಗಿಲ್ಲ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಅವರ ಪಾಲಿಗೆ ಅದು ನುಣುಪಾದ ನೀಲಿ ಬೆಟ್ಟವಾಗಿಯೇ ಉಳಿಯುತ್ತಿತ್ತು. ಅಲ್ಲಿ ಬಂಡೆಯಿದೆ, ಮುಳ್ಳಿದೆ, ಜಾರುವ ಕಲ್ಲಿದೆ ಎಂದು ಹೇಳಬಲ್ಲವರು ಹತ್ತಿ ಬಂದವರು ಮಾತ್ರ. ಹಾಗೆ ಹತ್ತಿದವರು ಅಲ್ಲಿನ ಸೌದೆಯನ್ನೂ ಜೇನನ್ನೂ ನೀರಿನ ಸೆಲೆಯನ್ನೂ ಕಂಡಿರುತ್ತಾರೆ. ಆದ್ದರಿಂದ ಈ ಗಾದೆ ಬೆಟ್ಟವನ್ನು ಹಳಿಯುವುದಿಲ್ಲ, ನೋಟವನ್ನು ತಿದ್ದುತ್ತದೆ. ದೂರದಿಂದಲೇ ನೋಡಿ ಮಾತಾಡಬೇಡ, ಹತ್ತಿರ ಹೋಗಿ ಕಲ್ಲು ಮುಟ್ಟಿ ನೋಡು ಎನ್ನುತ್ತದೆ. ವರ್ಷಗಳೂ ಹರದಾರಿಗಳ ಹಾಗೆಯೇ ದೂರ. ಕಳೆದ ಕಾಲದ ಫುಟ್‌ಬಾಲನ್ನು ಪ್ರೀತಿಸುವವರು ಮಾಡಬೇಕಾದ ಕೆಲಸವೂ ಅದೇ ಎಂಬುದು ನನ್ನ ನಂಬಿಕೆ. ನಾನೂ ಆ ಬೆಟ್ಟವನ್ನು ಪ್ರೀತಿಸುವವನೇ. ಅದಕ್ಕೇ ಅದರ ಕಲ್ಲುಗಳ ಮಾತು ಎತ್ತುತ್ತಿದ್ದೇನೆ.

ಬರಿಗಾಲಿನ ಕಥೆಯಿಂದಲೇ ಶುರು ಮಾಡೋಣ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಎದುರಾಳಿ ಫ್ರಾನ್ಸ್. ಸ್ವತಂತ್ರ ಭಾರತದ ಹನ್ನೊಂದು ಆಟಗಾರರಲ್ಲಿ ಎಂಟು ಮಂದಿಯ ಕಾಲಲ್ಲಿ ಬೂಟು ಇರಲಿಲ್ಲ. ಸೋತದ್ದು 2-1ರಿಂದ, ಅದೂ ಕೊನೆಯ ನಿಮಿಷಗಳ ಗೋಲಿನಿಂದ. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಕೇಳಿದರೆ ಎದೆಯುಬ್ಬುತ್ತದೆ, ಉಬ್ಬಬೇಕು ಕೂಡ. ಆದರೆ ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತು. ನಾಲ್ಕು ವರ್ಷ ಕಳೆದು ಹೆಲ್ಸಿಂಕಿಯಲ್ಲಿ, ಹೆಚ್ಚಿನವರು ಇನ್ನೂ ಬರಿಗಾಲಲ್ಲೇ ಇದ್ದಾಗ, ಚಳಿಯ ನೆಲದಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಸುರಿಯಿತು. 10-1. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು, ಪಂದ್ಯ ಮುಗಿಯುವ ಹೊತ್ತಿನದು. ಬೂಟು ಕಡ್ಡಾಯವಾದದ್ದು ಈ ಸೋಲಿನ ಮೇಲೆ. ಊರಲ್ಲಿ 70 ನಿಮಿಷದ ಪಂದ್ಯ ಆಡಿ ಬೆಳೆದವರು ಅಲ್ಲಿ 90 ನಿಮಿಷ ಓಡಬೇಕಿತ್ತು. ದೂರದಿಂದ ಬರಿಗಾಲು ವೀರಗಾಥೆ. ಹತ್ತಿರ ಹೋದರೆ ಅಲ್ಲಿ ಕಾಣುವುದು ಬೂಟಿನ ಬೆಲೆ, ತರಬೇತಿಯ ಕೊರತೆ, ಆಟಗಾರರನ್ನು ಆ ಸ್ಥಿತಿಯಲ್ಲೇ ಕಳಿಸಿದ ಆಡಳಿತ. ಇಷ್ಟೆಲ್ಲ ಇದ್ದೂ ಫ್ರಾನ್ಸ್‌ಗೆ ಬೆವರಿಳಿಸಿದರಲ್ಲ, ಅಲ್ಲಿಗೆ ರಾಮನ್ ಅವರ ಗೋಲು ನನ್ನ ಕಣ್ಣಲ್ಲಿ ಇನ್ನೂ ದೊಡ್ಡದಾಗುತ್ತದೆ. ಕಲ್ಲು ಮುಟ್ಟಿದ ಮೇಲೂ ಬೆಟ್ಟ ಕುಗ್ಗಲಿಲ್ಲ.

1950ರ ವಿಶ್ವಕಪ್ ಕಥೆಯಂತೂ ನುಣುಪಿನ ಪರಮಾವಧಿ. ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ, ಆದ್ದರಿಂದ ನಾವು ಬ್ರೆಜಿಲ್‌ಗೆ ಹೋಗಲಿಲ್ಲ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ನಡೆದದ್ದು ಬೇರೆ. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತಕ್ಕೆ ಜಾಗ ಸಿಕ್ಕಿತ್ತು. ಖರ್ಚಿನ ದೊಡ್ಡ ಪಾಲನ್ನು ಕೊಡಲು ಬ್ರೆಜಿಲ್‌ನವರು ಸಿದ್ಧರಿದ್ದರು. ನಮ್ಮ ಒಕ್ಕೂಟಕ್ಕೆ ಒಲಿಂಪಿಕ್ಸ್ ಒಂದೇ ದೊಡ್ಡದಾಗಿ ಕಂಡಿತು. ವಿಶ್ವಕಪ್ ಏನೆಂದೇ ಅದು ಅರಿಯಲಿಲ್ಲ. ಆ ಕಾಲದ ನಾಯಕ ಶೈಲೇನ್ ಮನ್ನಾ ಮುಂದೆ ಇದನ್ನು ಬಾಯಿಬಿಟ್ಟು ಹೇಳಿದ್ದಾರೆ. ಆಡಳಿತಗಾರರ ಅಲಕ್ಷ್ಯವನ್ನು ಆಟಗಾರರ ಪಾದಗಳ ಮೇಲೆ ಹೊರಿಸಿ ಅದಕ್ಕೊಂದು ಸುಂದರ ಕಥೆ ಹೆಣೆದೆವು. ಇದರಿಂದಾದ ಹಾನಿ ಸಣ್ಣದಲ್ಲ. ಅಂದಿನ ಒಕ್ಕೂಟವನ್ನು ಸರಿಯಾಗಿ ನೋಡಿದ್ದರೆ, 2025ರಲ್ಲಿ ಒಪ್ಪಂದವೊಂದು ಮುಗಿಯುವ ದಿನ ವರ್ಷಗಳ ಮೊದಲೇ ಗೊತ್ತಿದ್ದೂ ಲೀಗ್ ನಿಲ್ಲಲು ಬಿಟ್ಟ ಒಕ್ಕೂಟ ನಮಗೆ ಹೊಸದಾಗಿ ಕಾಣುತ್ತಿರಲಿಲ್ಲ. ಇದು ಹಳೆಯ ಕಾಲಕ್ಕೂ ಈ ಕಾಲಕ್ಕೂ ಇರುವ ಅತಿ ಗಟ್ಟಿಯಾದ ನಂಟು. ಅಭಿಮಾನಿಗಳ ಹಳಹಳಿಕೆಯಲ್ಲಿ ಅದರ ಸುಳಿವೇ ಇಲ್ಲ.

ಇನ್ನು ನಮ್ಮ ಬೆಂಗಳೂರು. ಈ ಊರಿನ ಫುಟ್‌ಬಾಲ್ ಹುಟ್ಟಿದ್ದು 2013ರಲ್ಲಿ, ಬೆಂಗಳೂರು ಎಫ್‌ಸಿ ಜೊತೆಗೆ ಎಂದು ತಿಳಿದ ಕನ್ನಡಿಗರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬ್ರಿಟಿಷ್ ರೆಜಿಮೆಂಟುಗಳ ಸೊತ್ತಿನಂತಿದ್ದ ಬೊಂಬಾಯಿಯ ರೋವರ್ಸ್ ಕಪ್ ಅನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದು 1938ರಲ್ಲಿ ಮತ್ತೆ ಗೆದ್ದಿತು. ಮೈಸೂರು ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದಿತು, ಕೊನೆಯದು 1968-69ರಲ್ಲಿ. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರಗಳ ಗಲ್ಲಿಗಳಲ್ಲಿ ತಮಿಳು, ದಖನಿ, ಕನ್ನಡ, ಇಂಗ್ಲಿಷ್ ಎಲ್ಲ ಬೆರೆತ ಮಾತಿನ ಹುಡುಗರು ದಂಡು ಪ್ರದೇಶದ ಮೈದಾನಗಳಲ್ಲಿ ಆಡಿ ಬೆಳೆದರು. ಅದೇ ಭಾಗದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇವತ್ತಿಗೂ ನಿಂತಿದೆ. ಪೇಟೆಯ ಕನ್ನಡ ಬರವಣಿಗೆ ದಂಡಿನ ಈ ಲೋಕವನ್ನು ತನ್ನದೆಂದುಕೊಂಡದ್ದು ತೀರ ಕಡಿಮೆ.

ಈ ಬೆಟ್ಟವನ್ನೂ ಹತ್ತಿರದಿಂದ ನೋಡಬೇಕು. ಅಹ್ಮದ್ ಖಾನ್ ಹೆಸರಾದದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ, ಅಲ್ಲಿ ಪಂಚ ಪಾಂಡವರೆಂದು ಕರೆಸಿಕೊಂಡ ಐವರು ಮುಂಪಡೆ ಆಟಗಾರರಲ್ಲಿ ಒಬ್ಬರಾಗಿ. 1962ರ ಜಕಾರ್ತ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಇದೇ ಊರಿನ ಅರುಮೈನಾಯಗಂ ಬೆಳಗಿದ್ದು ಮೋಹನ್ ಬಗಾನ್‌ನಲ್ಲಿ. ಈ ಊರು ಆಟಗಾರರನ್ನು ಹೆತ್ತಿತು, ಸಾಕಲಿಲ್ಲ. ಆ ಕಾಲದಲ್ಲೂ ಆಟ ದುಡ್ಡನ್ನು ಹಿಂಬಾಲಿಸಿಯೇ ಹೋಯಿತು. ಹಿಂದೆ ಪ್ರೀತಿಗಾಗಿ ಆಡುತ್ತಿದ್ದರು, ಈಗ ಹಣಕ್ಕಾಗಿ ಆಡುತ್ತಾರೆ ಎನ್ನುವವರಿಗೆ ಈ ವಲಸೆಗಳೇ ಉತ್ತರ. ಮನೆ ನಡೆಸಬೇಕಾದ ಹುಡುಗ ಸಂಬಳ ಕೇಳುವುದು ಯಾವ ಕಾಲದಲ್ಲೂ ತಪ್ಪಲ್ಲ.

ಹಾಗಾದರೆ ಈ ಬೆಟ್ಟದ ಮೇಲೆ ನಿಜಕ್ಕೂ ಇದ್ದದ್ದೇನು? ನನ್ನ ಪ್ರಕಾರ ಎರಡು. ಒಂದು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಬೇಲಿಯಿಲ್ಲದ ಮೈದಾನ. ಇನ್ನೊಂದು, ಕೆಲಸ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳು, ಸೇನೆಯ ಎಎಸ್‌ಸಿ, ಎಂಇಜಿ ವಿಭಾಗಗಳು – ಇವೆಲ್ಲ ತಂಡ ಕಟ್ಟಿದವು, ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡವು. ಬೆಳಿಗ್ಗೆ ಕಾರ್ಖಾನೆಯ ಹಾಜರಿ, ಮಧ್ಯಾಹ್ನ ಲೀಗ್ ಪಂದ್ಯ. ಮಂಡಿ ಮುರಿದರೂ ಸಂಬಳ ನಿಲ್ಲುತ್ತಿರಲಿಲ್ಲ, ಆಟ ಮುಗಿದ ಮೇಲೂ ನಿವೃತ್ತಿಯವರೆಗೆ ಬದುಕಿತ್ತು. ಆ ಭರವಸೆಯ ಮೇಲೆಯೇ ಬಡವರ ಮನೆಯ ತಾಯಿ ಮಗನನ್ನು ಚೆಂಡಿನ ಹಿಂದೆ ಬಿಡುತ್ತಿದ್ದಳು. 1991ರ ನಂತರ ಸಾರ್ವಜನಿಕ ಉದ್ಯಮಗಳ ನೇಮಕಾತಿ ಸೊರಗಿದಂತೆ ಈ ತಂಡಗಳೂ ಸೊರಗಿದವು. 2010ರ ಹೊತ್ತಿಗೆ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ವರೆಗೂ ಏರಿದ್ದ ಎಚ್‌ಎಎಲ್ ಅಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಮೈದಾನಗಳ ಪಾಡು ಎಲ್ಲರಿಗೂ ಗೊತ್ತು. ಈಗ ಮಕ್ಕಳು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಬಲೆ ಕಟ್ಟಿದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡುತ್ತಾರೆ. ಗೌತಮಪುರದ ಹುಡುಗ ದಿನವೂ ಆ ಬಾಡಿಗೆ ಎಲ್ಲಿಂದ ತರಬೇಕು? ಹಳೆಯ ಕಾಲಕ್ಕಾಗಿ ಮರುಗುವ ನಾವು ಬರಿಗಾಲಿನ ಫೋಟೊ ಹಂಚಿಕೊಳ್ಳುತ್ತೇವೆ. ಮೈದಾನಕ್ಕಾಗಿ ಪಾಲಿಕೆಯ ಬಾಗಿಲು ತಟ್ಟುವುದಿಲ್ಲ.

ಹಳಹಳಿಕೆ ಸುಮ್ಮನೆ ಕೂರಬೇಕೆಂದೇನೂ ಇಲ್ಲ. ಇಂಗ್ಲೆಂಡಿನ ಅಭಿಮಾನಿಗಳನ್ನು ನೋಡಿ. 1989ರ ಏಪ್ರಿಲ್ 15ರಂದು ಷೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ, ನಿಂತು ನೋಡುವ ಕಟ್ಟೆಯ ಬೇಲಿಗೆ ಒತ್ತಿಹೋಗಿ ಲಿವರ್‌ಪೂಲ್‌ನ 97 ಮಂದಿ ಜೀವ ತೆತ್ತರು. ಈ ದುರಂತದ ತನಿಖೆಯ ಟೇಲರ್ ವರದಿಯ ಮೇರೆಗೆ ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಕುರ್ಚಿ ಬಂತು, 1992ರಲ್ಲಿ ಪ್ರೀಮಿಯರ್ ಲೀಗ್ ಬಂತು, ಟಿಕೆಟ್ ಬೆಲೆ ಏರುತ್ತಾ ಹೋಯಿತು. ನಿಂತು ಹಾಡುತ್ತಿದ್ದ ದಿನಗಳಿಗಾಗಿ ಅಲ್ಲಿಯವರೂ ಹಂಬಲಿಸಿದರು. ಆದರೆ ಅವರಲ್ಲಿ ಬೆಟ್ಟ ಹತ್ತಿದವರಿದ್ದರು. ತಪ್ಪು ಅಭಿಮಾನಿಗಳದು ಎಂದ ಪೊಲೀಸರ, ಪತ್ರಿಕೆಗಳ ಸುಳ್ಳಿನ ವಿರುದ್ಧ ಸತ್ತವರ ಮನೆಯವರು 27 ವರ್ಷ ಹೋರಾಡಿದರು. 2016ರಲ್ಲಿ ಜ್ಯೂರಿ ಅಭಿಮಾನಿಗಳ ತಪ್ಪೇನೂ ಇಲ್ಲ, ಇದು ಕಾನೂನುಬಾಹಿರ ಹತ್ಯೆ ಎಂದಿತು. ಇನ್ನೊಂದು ಕಡೆ ಅಭಿಮಾನಿ ಸಂಘಗಳು, ಕೊಂದದ್ದು ನಿಲ್ಲುವುದಲ್ಲ, ಬೇಲಿ ಮತ್ತು ಹೊಣೆಗೇಡಿತನ ಎಂದು ಬಿಡಿಸಿ ವಾದಿಸಿದವು. ಆಸರೆಯ ಕಂಬಿ ಹಾಕಿ ನಿಂತು ನೋಡುವ ವ್ಯವಸ್ಥೆಗೆ 2022ರ ಜನವರಿಯಲ್ಲಿ ಪ್ರಯೋಗದ ಪರವಾನಗಿ ದೊರೆಯಿತು. ಯಾವುದು ಬೇಕು, ಯಾವುದು ಮತ್ತೆ ಎಂದೂ ಬೇಡ ಎಂದು ಅವರು ಕಲ್ಲು ಕಲ್ಲಾಗಿ ಆರಿಸಿದರು. ಹಳೆಯದನ್ನು ಪ್ರೀತಿಸುವುದೆಂದರೆ ಇದು.

ನಮ್ಮಲ್ಲಿ ಕಣ್ಣಿಗೆ ನುಣ್ಣಗೆ ಕಾಣುವ ಇನ್ನೊಂದು ದೂರವೂ ಇದೆ. ಮ್ಯಾಂಚೆಸ್ಟರ್, ಮ್ಯಾಡ್ರಿಡ್‌ಗಳ ಪಂದ್ಯಕ್ಕಾಗಿ ನಿದ್ದೆಗೆಟ್ಟು ಕೂರುವ ಎಷ್ಟೋ ಬೆಂಗಳೂರಿಗರು ತಮ್ಮ ಊರಿನ ಕಂಠೀರವ ಕ್ರೀಡಾಂಗಣದ ಮೆಟ್ಟಿಲು ಹತ್ತಿದವರಲ್ಲ. 2018ರಲ್ಲಿ ಮುಂಬೈಯಲ್ಲಿ ಎರಡೂವರೆ ಸಾವಿರದಷ್ಟು ಜನರ ಮುಂದೆ ಭಾರತ ಆಡಿದಾಗ ನಾಯಕ ಸುನಿಲ್ ಚೆಟ್ರಿ ವಿಡಿಯೊದಲ್ಲಿ ಬೇಡಿಕೊಂಡರು: ಬನ್ನಿ, ಬಯ್ಯುವುದಾದರೂ ಎದುರಿಗೇ ಬಂದು ಬಯ್ಯಿರಿ. ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಹತ್ತಿರ ಬನ್ನಿ ಎಂದು ಆಟಗಾರನೇ ಕರೆದರೆ ಜನ ಬರುತ್ತಾರೆ.

ಕರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2023ರ ಮಾರ್ಚ್ 4ರಂದು, ಹಿಂದಿನ ಮೈಸೂರು ತಂಡದ ಇಂದಿನ ರೂಪವಾದ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಪಂದ್ಯ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಹಳೆಯ ಮೈಸೂರು ತಂಡಕ್ಕಾಗಿ ಕಣ್ಣೀರು ಹಾಕುವ ಅಭಿಮಾನಿಗಳಲ್ಲಿ ಎಷ್ಟು ಮಂದಿಗೆ ಆ ಗೆಲುವಿನ ಹನ್ನೊಂದು ಹೆಸರು ಬರುತ್ತದೆ? ಇನ್ನು ಮೂವತ್ತು ವರ್ಷ ಹೋದರೆ ಇದೇ ತಂಡ ನುಣ್ಣನೆಯ ಬೆಟ್ಟವಾಗುತ್ತದೆ, ಆ ಕಾಲದ ಆಟವೇ ಆಟ ಎನ್ನುತ್ತೇವೆ. ಅಷ್ಟರವರೆಗೆ ಕಾಯುವುದೇಕೆ? ಆ ಹುಡುಗರು ಈಗ ಇಲ್ಲೇ ಇದ್ದಾರೆ. ಅವರಿಗೆ ಕೆಲಸ ಸಿಕ್ಕಿತೇ, ಯಾವ ಮೈದಾನದಲ್ಲಿ ಅಭ್ಯಾಸ ಮಾಡುತ್ತಾರೆ, ಬೂಟಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಇವತ್ತೇ ಕೇಳಬಹುದು. ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿ ಬದುಕಿರುವ ಹಳೆಯ ಆಟಗಾರರನ್ನೂ ಇದೇ ಪ್ರಶ್ನೆಗಳೊಂದಿಗೆ ಕಾಣಬೇಕು: ಕಾರ್ಖಾನೆಯವರು ಎಷ್ಟು ಸಂಬಳ ಕೊಟ್ಟರು, ಕೋಲ್ಕತ್ತಕ್ಕೆ ಏಕೆ ಹೋದಿರಿ, ಅಂದು ಆಡಿದ ಮೈದಾನದಲ್ಲಿ ಇಂದು ಏನಿದೆ. ಅವರ ಉತ್ತರಗಳನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ಇನ್ನೂ ಸರಿಯಾಗಿ ಶುರುವಾಗಿಲ್ಲ.