ಕೆಳಗಿನ ಅರೆಯ ಪುಸ್ತಕಗಳು

ನಮ್ಮ ಮನೆಯ ಪುಸ್ತಕದ ಬೀರುವಿನ ಕೆಳಗಿನ ಅರೆಗೆ ನನ್ನ ಸೋದರಳಿಯ ‘ಸೆರೆಮನೆ’ ಎಂದು ಹೆಸರಿಟ್ಟಿದ್ದಾನೆ. ರಾಜ್ಯಭಾರದ ಹಗರಣಗಳನ್ನೂ ಅಧಿಕಾರಿಗಳ ಲಂಚಕೋರತನವನ್ನೂ ಕುರಿತ ಪುಸ್ತಕಗಳೆಲ್ಲ ಅಲ್ಲಿವೆ. ಮೇಲಿನ ಅರೆಗಳಲ್ಲಿರುವ ಉಪನಿಷತ್ತಿನ ವ್ಯಾಖ್ಯಾನಗಳಿಗೆ ಧೂಳು ಹಿಡಿದಿದೆ. ಕೆಳಗಿನ ಅರೆಯಲ್ಲಿ ಮಾತ್ರ ಧೂಳಿಗೆ ಕೂರುವ ಪುರಸತ್ತೇ ಸಿಕ್ಕಿಲ್ಲ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು, ಒಬ್ಬ ದೊಡ್ಡ ಮನುಷ್ಯ ಹೇಗೆ ಸಿಕ್ಕಿಬಿದ್ದನೆಂಬುದನ್ನು ಓದುವಷ್ಟು ಸುಖ, ಸುಳ್ಳೇಕೆ ಹೇಳಲಿ, ನನಗೆ ಬೇರೆ ಓದಿನಲ್ಲಿ ಸಿಕ್ಕಿಲ್ಲ. ಈ ಸುಖ ಎಂಥದು ಎಂಬ ಪ್ರಶ್ನೆ ಬಹಳ ಕಾಲ ನನಗೆ ಹೊಳೆಯಲೇ ಇಲ್ಲ.

ಈ ರುಚಿಯ ವಂಶಾವಳಿ ದೊಡ್ಡದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ‘ನರ್ಮಮಾಲಾ’ ಬರೆದು ಲೇಖಣಿ ಹಿಡಿದ ಕಾಯಸ್ಥರನ್ನು ಚೆನ್ನಾಗಿ ಗೇಲಿ ಮಾಡಿದ. 1788ರಲ್ಲಿ ಲಂಡನ್ನಿನಲ್ಲಿ ವಾರನ್ ಹೇಸ್ಟಿಂಗ್ಸನ ವಿಚಾರಣೆ ಪ್ರಾರಂಭವಾದಾಗ ಅಲ್ಲಿನ ಕುಲೀನರು ನಾಟಕಕ್ಕೆ ಹೋಗುವಂತೆ ಹೋಗಿ ಕುಳಿತರು; ಬರ್ಕ್ ಮಹಾಶಯನ ವಾಗ್ವೈಖರಿಯನ್ನು ಕೇಳಿ ರೋಮಾಂಚಗೊಂಡರು. ಏಳು ವರ್ಷ ಎಳೆದಾಡಿ 1795ರಲ್ಲಿ ಹೇಸ್ಟಿಂಗ್ಸ್ ನಿರ್ದೋಷಿಯೆಂದು ತೀರ್ಪಾಯಿತು. ಅಷ್ಟು ಹೊತ್ತಿಗೆ ಮೊದಲಿನ ಉತ್ಸಾಹವೆಲ್ಲ ಇಳಿದುಹೋಗಿತ್ತು.

ನನಗೆ ಹೆಚ್ಚು ಪ್ರಿಯವಾದದ್ದು ಮುಂಧ್ರಾ ಪ್ರಕರಣ. ಅದು ನಮ್ಮ ಸ್ವತಂತ್ರ ದೇಶ ಎಳೆಯದಾಗಿದ್ದಾಗಿನ ಕಥೆ. 1957ರಲ್ಲಿ ಜೀವವಿಮಾ ನಿಗಮವು ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿಯಿತು. ಲೋಕಸಭೆಯಲ್ಲಿ ಅದನ್ನು ಎತ್ತಿದವರು ವಿರೋಧಪಕ್ಷದವರಷ್ಟೇ ಅಲ್ಲ. ಆಳುವ ಪಕ್ಷದ ಸದಸ್ಯರೂ ಪ್ರಧಾನಿಯ ಅಳಿಯಂದಿರೂ ಆದ ಫಿರೋಜ್ ಗಾಂಧಿಯವರೇ ಮುಂದೆ ನಿಂತರು. ನ್ಯಾಯಮೂರ್ತಿ ಛಾಗ್ಲಾ ಅವರು ಬಹಿರಂಗವಾಗಿ ವಿಚಾರಣೆ ನಡೆಸಿದರು. ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಮಂತ್ರಿಯೇ ಹೊಣೆಯೆಂದರು. 1958ರ ಫೆಬ್ರವರಿಯಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. 1962ರಲ್ಲಿ ಅವರು ಮತ್ತೆ ಮಂತ್ರಿಮಂಡಲಕ್ಕೆ ಬಂದರೆಂಬುದನ್ನು ನಾನು ಸಾಮಾನ್ಯವಾಗಿ ನೆನೆಯುವುದಿಲ್ಲ. ಕಥೆಯ ಸೊಗಸು ಕೆಡುತ್ತದೆ.

2019ರಲ್ಲಿ, ತಂದೆಯವರು ತೀರಿಕೊಂಡ ಮೇಲೆ, ಮನೆಯ ಖಾತೆ ಬದಲಾಯಿಸಲು ಒಂದು ಕಛೇರಿಗೆ ಅಲೆದೆ. ನಾಲ್ಕು ತಿಂಗಳಾಯಿತು. ಒಮ್ಮೆ ಒಂದು ರಸೀತಿ ಇಲ್ಲ, ಒಮ್ಮೆ ಸಾಹೇಬರಿಲ್ಲ, ಒಮ್ಮೆ ಎಲ್ಲವೂ ಇದ್ದು ಕರೆಂಟ್ ಇಲ್ಲ. ಕಾಯುವಾಗ ಓದಲೆಂದು ಕೈಚೀಲದಲ್ಲಿ ಛಾಗ್ಲಾ ಅವರ ಆತ್ಮಕಥೆಯನ್ನು ಇಟ್ಟುಕೊಂಡಿರುತ್ತಿದ್ದೆ. ಐದನೆಯ ತಿಂಗಳು ಮೇಜಿನ ಆ ಕಡೆಯವರು ಕೇಳಿದರು:

“ಏನ್ ಸಾರ್, ಯಾವಾಗಲೂ ಓದ್ತಾನೇ ಇರ್ತೀರಲ್ಲ, ಯಾವ ಪುಸ್ತಕ?”

ಹೇಳಿದೆ. ಅವರ ಮುಖ ಅರಳಿತು.

“ಓಹೋ, ಮುಂಧ್ರಾ ಕೇಸಿನ ಜಡ್ಜು! ನಮ್ಮ ತಂದೆ ಹೇಳ್ತಿದ್ರು ಸಾರ್. ಆಗಿನ ಮಂತ್ರಿಗಳಿಗೆ ಮಾನ ಅನ್ನೋದಿತ್ತು. ಈಗಿನೋರಿಗೆ ಎಲ್ಲಿದೆ ಹೇಳಿ?”

“ಎಲ್ಲಿದೆ!” ಎಂದು ನಾನೂ ಅಂದೆ. ಆ ಹೊತ್ತಿಗೆ ನನ್ನ ಅರ್ಜಿಯ ಮಡಿಕೆಯಲ್ಲಿದ್ದ ನೋಟುಗಳು ಅವರ ಕಡತದ ಕೆಳಗೆ ಸೇರಿದ್ದವು. ನಾವಿಬ್ಬರೂ ನಿಜವಾಗಿಯೇ ಕ್ಷುಬ್ಧರಾಗಿದ್ದೆವು. ಅದರಲ್ಲಿ ನಟನೆ ಇರಲಿಲ್ಲ. ನನ್ನನ್ನು ಇಂದಿಗೂ ಕೊರೆಯುತ್ತಿರುವುದು ಇದೇ. ಮಾತಿಗೂ ಕೈಗೂ ನಡುವೆ ಒಂದು ಸಣ್ಣ ನಾಚಿಕೆಯಾದರೂ ಸುಳಿಯಬೇಕಿತ್ತಲ್ಲವೆ?

ಲಂಚನಿರೋಧದ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೊಟ್ಟವನೂ ಅಪರಾಧಿ. ಬಲವಂತದಿಂದ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ವಿನಾಯಿತಿ ಉಂಟು. ಇದು ನನಗೆ ಗೊತ್ತಿತ್ತು. ಆ ಏಳು ದಿನಗಳಲ್ಲಿ ನಾನು ಏನು ಮಾಡಿದೆನೆಂದರೆ, ಆತ್ಮಕಥೆಯನ್ನು ಓದಿ ಮುಗಿಸಿದೆ.

ಆಮೇಲೆ ಶ್ರೀಲಾಲ ಶುಕ್ಲರ ‘ರಾಗ್ ದರ್ಬಾರಿ’ಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡೆ. 1968ರಲ್ಲಿ ಬಂದ ಹಿಂದಿ ಕಾದಂಬರಿ; ಬರೆದವರು ತಾವೇ ಸರ್ಕಾರಿ ಅಧಿಕಾರಿಗಳು. ಅದರಲ್ಲಿ ಲಂಗಡ್ ಎಂಬ ಕುಂಟನೊಬ್ಬ ಬರುತ್ತಾನೆ. ತಹಸೀಲಿನಿಂದ ಒಂದು ಕಾಗದದ ನಕಲು ಅವನಿಗೆ ಬೇಕು. ಲಂಚ ಕೊಡದೆಯೇ ಪಡೆಯುತ್ತೇನೆಂದು ಅವನ ಹಠ. ಲಂಚ ಮುಟ್ಟದೆ ನಿಯಮದಂತೆಯೇ ಕೊಡುತ್ತೇನೆಂದು ಗುಮಾಸ್ತನ ಹಠ. ಇಬ್ಬರೂ ಧರ್ಮ ಹಿಡಿದ ಮೇಲೆ ನಕಲು ಸಿಕ್ಕೀತೆ? ಕುಂಟ ಅಲೆಯುತ್ತಾನೆ, ಊರು ನಗುತ್ತದೆ. ಮೊದಲ ಸಲ ಓದಿದಾಗ ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದೆ. ಎರಡನೆಯ ಸಲ ನಗು ಬರಲಿಲ್ಲ. ಯಾರ ಪಕ್ಕದಲ್ಲಿ ಕುಳಿತು ಅಷ್ಟು ನಕ್ಕಿದ್ದೆನೆಂದು ಆಗ ತಿಳಿಯಿತು.

ದೊಡ್ಡ ಹಗರಣದ ಪುಸ್ತಕಗಳು ಓದುಗನಿಗೆ ಒಂದು ಉಪಕಾರ ಮಾಡುತ್ತವೆ: ಕೋಟಿಯ ಲೆಕ್ಕ ಹೇಳಿ, ನಮ್ಮ ನೂರರ ಲೆಕ್ಕವನ್ನು ಕಾಣದಂತೆ ಮಾಡುತ್ತವೆ. ಪುಸ್ತಕಗಳ ತಪ್ಪು ಇದೆಂದು ನಾನು ಹೇಳಲಾರೆ; ಮುಂಧ್ರಾ ಪ್ರಕರಣ ಬಯಲಾಗದಿದ್ದರೆ ದೇಶಕ್ಕೆ ನಷ್ಟವೇ ಆಗುತ್ತಿತ್ತು. ಆದರೆ ಈ ಮುಸುಕು ಹಾಕದ ಪುಸ್ತಕವೊಂದು ಅದೇ ಅರೆಯಲ್ಲಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯನ್ನು ಗುರುತಿಸಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ. ರಾಜಾದಾಯವನ್ನು ನುಂಗುವ ನಲವತ್ತು ಉಪಾಯಗಳನ್ನು ಆತ ಒಂದೊಂದಾಗಿ ಹೆಸರಿಸುತ್ತಾನೆ: ಮೊದಲು ಬಂದದ್ದನ್ನು ಆಮೇಲೆ ಬರೆಯುವುದು, ಒಂದು ಬಂದರೆ ಇನ್ನೊಂದೆಂದು ಬರೆಯುವುದು, ಹೀಗೆ. ಕೋಪವಿಲ್ಲ, ಖಳನಾಯಕನಿಲ್ಲ. ಸುಳಿವು ಕೊಟ್ಟು ರುಜುವಾತು ಮಾಡಿದವನಿಗೆ ಆರರಲ್ಲೊಂದು ಪಾಲು, ಕೂಲಿಯಾಳಾದರೆ ಹನ್ನೆರಡರಲ್ಲೊಂದು ಎಂದು ದರವನ್ನೂ ಗೊತ್ತುಮಾಡುತ್ತಾನೆ. ಅವನನ್ನು ಎಲೆಯಡಿಕೆಯೊಡನೆ ಓದುವುದಕ್ಕೆ ಆಗುವುದಿಲ್ಲ. ಬೈಯುವುದಕ್ಕೆ ಅಲ್ಲಿ ಯಾರೂ ಸಿಕ್ಕದೆ, ಓದುತ್ತ ಓದುತ್ತ ಕಣ್ಣು ತನ್ನ ಕಡೆಗೇ ತಿರುಗುತ್ತದೆ.

ಹೋದ ತಿಂಗಳು ಸೋದರಳಿಯ ಬಂದಿದ್ದ. ಮನೆಯ ನಕ್ಷೆಗೆ ಮಂಜೂರಾತಿ ಬೇಕಾಗಿ ಅವನೂ ಒಂದು ಕಛೇರಿಗೆ ಅಲೆಯುತ್ತಿದ್ದಾನೆ.

“ಏನ್ ಮಾಡ್ಲಿ ಮಾವ?” ಎಂದ.

“ಏನೂ ಕೊಡಬೇಡ, ಕಾಯಿ” ಎಂದೆ.

“ನೀವು ಎಷ್ಟು ದಿನ ಕಾದ್ರಿ?”

“ನಾಲ್ಕು ತಿಂಗಳು. ಐದನೆಯದರಲ್ಲಿ ಕೊಟ್ಟುಬಿಟ್ಟೆ” ಎಂದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನು ಕೆಳಗಿನ ಅರೆಯ ಕಡೆ ನೋಡಿದ, ಏನೂ ಅನ್ನಲಿಲ್ಲ. ಕಾಫಿ ಕುಡಿದು, ‘ರಾಗ್ ದರ್ಬಾರಿ’ಯನ್ನು ಕೇಳಿ ತೆಗೆದುಕೊಂಡು ಹೋದ. ಅವನಿಗೆ ಮಂಜೂರಾತಿ ಇನ್ನೂ ಆಗಿಲ್ಲ. ಪುಸ್ತಕವೂ ಹಿಂದಕ್ಕೆ ಬಂದಿಲ್ಲ.